ಮೈಕಣ್ಣನ ಸ್ವಂತ ಮಾತು

ಹೋದ ಸೋಮವಾರ ಬೆಳಿಗ್ಗೆ ಅಕ್ಕಿರೊಟ್ಟಿ ತಟ್ಟುತ್ತಾ ನಿಂತಿದ್ದೆ. ಬೀದಿಯ ಆ ತುದಿಯಿಂದ ಆ ಧ್ವನಿ ಬಂತು.

"ಕನಕಪುರದ ಸಮಸ್ತ ಮಹಾಜನಗಳೇ, ದಯವಿಟ್ಟು ಗಮನಿಸಿ! ಬಹಳ ವರ್ಷಗಳಿಂದ ನಿಮ್ಮ ಕಿವಿ ಕೊರೆಯುತ್ತಾ ಬಂದಿರುವ ಈ ಧ್ವನಿಯು ಇಂದಿನಿಂದ ನಿವೃತ್ತಿ ಹೊಂದಲಿದೆ. ಇನ್ನು ಮುಂದೆ ತಾವೆಲ್ಲರೂ ಮಧ್ಯಾಹ್ನದ ಹೊತ್ತು ನೆಮ್ಮದಿಯಾಗಿ ನಿದ್ರಿಸಬೇಕಾಗಿ ಕೋರಲಾಗಿದೆ!"

ಕೈಗೆ ಮೆತ್ತಿದ ಹಿಟ್ಟಿನ ಸಮೇತ ಹೊರಗೆ ಓಡಿದೆ. ನಾನೊಬ್ಬಳೇ ಅಲ್ಲ, ಇಡೀ ಬೀದಿ ಓಡಿ ಬಂದಿತ್ತು. ತಲೆಯ ಮೇಲೆ ಎರಡು ಮೈಕಿನ ಕಹಳೆ ಹೊತ್ತ ಆ ಹಳೆಯ ಆಟೋ ಮೆಲ್ಲಗೆ ಬರುತ್ತಿದೆ, ಓಡಿಸುವವರ ಒಂದು ಕೈಲಿ ಹ್ಯಾಂಡಲ್, ಇನ್ನೊಂದು ಕೈಲಿ ಮೈಕು, ಕೊರಳಲ್ಲಿ ಯಾರೋ ಹಾಕಿದ ಸೇವಂತಿಗೆ ಹಾರ. ಸೊಪ್ಪು ಮಾರುವ ಹೆಂಗಸು ಬುಟ್ಟಿ ಕೆಳಗಿಟ್ಟು ಕೂಗಿದಳು: "ಅಣ್ಣೋ, ಇನ್ಮೇಲೆ ಊರಲ್ಲಿ ಯಾರಾದ್ರೂ ಸತ್ರೆ ನಮ್ಗೆ ಎಂಗಣ್ಣಾ ಗೊತ್ತಾಯ್ತದೆ?"

ಮೈಕಿನಲ್ಲೇ ಉತ್ತರ ಬಂತು: "ಯಾರೂ ಗಾಬರಿಯಾಗಬಾರದು. ಸಾಯುವವರು ಮುಂಚಿತವಾಗಿ ಫೋನ್ ಮಾಡಿ ತಿಳಿಸತಕ್ಕದ್ದು!"

ಬೀದಿಯೆಲ್ಲ ನಕ್ಕಿತು. ನನಗೆ ನಗು, ಅಳು, ಸಂಭ್ರಮ ಎಲ್ಲ ಒಟ್ಟಿಗೇ ಬಂದು ರೊಟ್ಟಿ ಒಲೆಯ ಮೇಲೆ ಕರಿಯಾಯಿತು. ಅಂದಿನಿಂದ ಈ ಮನುಷ್ಯನ ಬಗ್ಗೆ ಬರೆಯದೆ ಇರಲಾಗುತ್ತಿಲ್ಲ. ಹೆಸರು ಬರೆಯುವುದಿಲ್ಲ. ಊರು ಕೂಗುತ್ತಿದ್ದ ಹೆಸರು ಮೈಕಣ್ಣ, ಅದು ಸಾಕು.

ಮೈಕಣ್ಣ ನಮ್ಮ ಮನೆಯಿಂದ ಎರಡು ಮನೆ ಆಚೆ ಇದ್ದವರು. ನಾನು ಮರಳವಾಡಿ ಕಡೆಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಟೀಚರು. ನಾನು ಕನಕಪುರಕ್ಕೆ ಬಾಡಿಗೆಗೆ ಬಂದ ಹೊಸದರಲ್ಲಿ ಒಂದು ದಿನ ಅವರು ನಮ್ಮ ಬಾಗಿಲಲ್ಲಿ ನಿಂತು, "ಟೀಚರಮ್ಮ, ಒಂದು 'ಕಳೆದುಹೋಗಿದೆ' ಬರ್ಕೊಡ್ತೀರಾ?" ಅಂದರು. ಯಾರದೋ ಎಮ್ಮೆ ಕಳೆದಿತ್ತು. ನಾನು ಉತ್ಸಾಹದಿಂದ, ಆ ಎಮ್ಮೆ ಎಷ್ಟು ಸಾಧು, ಮನೆಯವರು ಎಷ್ಟು ದುಃಖದಲ್ಲಿದ್ದಾರೆ ಅಂತೆಲ್ಲ ಬರೆದುಕೊಟ್ಟೆ. ಅವರು ಓದಿ, ತಲೆ ಕೆರೆದುಕೊಂಡು ಹೇಳಿದರು: "ಚೆನ್ನಾಗೈತೆ ಟೀಚರಮ್ಮ. ಆದ್ರೆ ಇದ್ನ ಕೇಳಿ ಜನ ಅತ್ತಾರೇ ಹೊರ್ತು ಎಮ್ಮೆ ಹುಡುಕಾಕಿಲ್ಲ. ಬಣ್ಣ ಏನು, ಗುರುತು ಏನು, ಸಿಕ್ರೆ ಯಾರಿಗೆ ಹೇಳ್ಬೇಕು, ಅಷ್ಟು ಬರೀರಿ."

ಅಂದಿನಿಂದ ಅವರ ಬರಹಗಾರ್ತಿ ನಾನು. ಕಣ್ಣಿನ ಶಿಬಿರ, ಸೀರೆ ಅಂಗಡಿ, ಕರೆಂಟು ಹೋಗುವ ವಿಷಯ, ಸತ್ತವರ ಸುದ್ದಿ, ಎಲ್ಲದಕ್ಕೂ ಮಾತು ನನ್ನದು, ಗಂಟಲು ಅವರದು. ಅವರದೊಂದು ವಿಚಿತ್ರವಿತ್ತು. ಮೈಕಿನ ಸ್ವಿಚ್ ಒತ್ತುವ ಮೊದಲು ಅಪ್ಪಟ ನಮ್ಮ ಕಡೆ ಮಾತು, ಒತ್ತಿದ ಕ್ಷಣ ನಾಲಿಗೆಯ ಮೇಲಿಂದ ಹಳ್ಳಿ ಇಳಿದು ರೇಡಿಯೋ ವಾರ್ತೆ ಹತ್ತಿ ಕೂರುತ್ತಿತ್ತು. "ಲೇ, ದನ ಒಸಿ ಅತ್ಲಾಗಿ ಹೊಡ್ಕೊಳ್ಲಾ" ಅಂದವರು ಅದೇ ಉಸಿರಿನಲ್ಲಿ "ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ" ಅನ್ನುತ್ತಿದ್ದರು.

ಮನೆಯಲ್ಲಿ ಮಾತ್ರ ಬಾಯಿ ಬಿಡುತ್ತಿರಲಿಲ್ಲ. ಗಂಟಲು ಉಳಿಸಲು ಎಲ್ಲ ಕೈಸನ್ನೆ. ಹೆಂಡತಿ ಪುಟ್ಟತಾಯಮ್ಮನಿಗೆ ಇದೇ ದೊಡ್ಡ ದೂರು. "ಊರಿಗೆಲ್ಲಾ ಕೇಳಂಗೆ ಒದರ್ತಾನೆ, ಸಾರಿಗೆ ಉಪ್ಪು ಸಾಕಾ ಅಂದ್ರೆ ಉತ್ರ ಇಲ್ಲ. ನಾನೂ ಒಂದ್ ದಿವ್ಸ ಆಟೋ ಹಿಂದೆ ಓಡೋಗಿ ಕೇಳ್ಬೇಕು ಅಷ್ಟೇಯ" ಅನ್ನುತ್ತಿದ್ದಳು. ಮೈಕಣ್ಣ ಮೆಣಸು ಹಾಕಿದ ಬಿಸಿನೀರು ಗುಟುಕರಿಸುತ್ತಾ ಅವಳತ್ತ ನೋಡಿ ಎರಡೂ ಕೈ ಜೋಡಿಸಿ ನಗುತ್ತಿದ್ದರು.

ಚುನಾವಣೆ ಬಂತೆಂದರೆ ಅವರನ್ನು ನೋಡಬೇಕಿತ್ತು! ಬೆಳಿಗ್ಗೆ ಮಾಗಡಿಯಲ್ಲಿ ಒಂದು ಪಕ್ಷ, ಮಧ್ಯಾಹ್ನ ರಾಮನಗರದಲ್ಲಿ ಇನ್ನೊಂದು, ಸಂಜೆ ಚನ್ನಪಟ್ಟಣದಲ್ಲಿ ಮತ್ತೊಂದು. ಸೀಟಿನ ಕೆಳಗೆ ಮೂರೂ ಬಣ್ಣದ ಶಾಲು. ಒಮ್ಮೆ ಗಡಿಬಿಡಿಯಲ್ಲಿ ಒಬ್ಬರ ಶಾಲು ಹೊದ್ದು ಇನ್ನೊಬ್ಬರಿಗೆ ಮತ ಕೇಳಿ, ಎರಡೂ ಕಡೆಯ ಕಾರ್ಯಕರ್ತರು ಅಟ್ಟಿಸಿಕೊಂಡು ಬಂದಿದ್ದರು. "ನಿಮಗೆ ಯಾವ ಪಕ್ಷ ಇಷ್ಟ?" ಎಂದು ಕೇಳಿದರೆ ಬೆಚ್ಚಿಬಿದ್ದವರಂತೆ ನೋಡಿದರು. "ಮೈಕ್ ಹಿಡ್ಕಂಡೋನು ಅಭಿಪ್ರಾಯ ಇಟ್ಕಬಾರ್ದು ಟೀಚರಮ್ಮ. ಅಂಚೆಯೋನು ಕಾಗ್ದ ಒಡೆದು ಓದಕಾಯ್ತದಾ?"

ಇದೊಂದು ನಿಯಮವನ್ನು ಅವರು ಮುರಿದದ್ದನ್ನು ನಾನು ನೋಡಿದ್ದು ಒಂದೇ ಸಲ. ನಾನು ಹೇಳಹೊರಟಿದ್ದು ಅದನ್ನೇ.

ನಮ್ಮ ಶಾಲೆ ಇರುವ ಹಳ್ಳಿಯ ಹೊರಗೆ, ಹಿಪ್ಪುನೇರಳೆ ತೋಟಗಳು ಮುಗಿದು ಬಂಡೆ ಶುರುವಾಗುವ ಕಡೆ, ಒಂದು ಗ್ರಾನೈಟ್ ಕೊಯ್ಯುವ ಕಾರ್ಖಾನೆ ಇತ್ತು. ಕೆಲಸಕ್ಕೆ ನಮ್ಮ ಹಳ್ಳಿಯ ಕೆಲವರು, ಉಳಿದಂತೆ ಒಡಿಶಾ ಕಡೆಯಿಂದ ಬಂದವರು. ಕಾರ್ಖಾನೆಯ ಹಿಂದೆ ತಗಡಿನ ಸಾಲು ಶೆಡ್ಡುಗಳಲ್ಲಿ ಅವರ ವಾಸ. ಊರು ಅವರನ್ನು 'ಶೆಡ್ಡಿನೋರು' ಎನ್ನುತ್ತಿತ್ತು.

ಒಂದು ಸಂಜೆ ಬಸ್ ಸ್ಟಾಪಿನಲ್ಲಿ ನಿಂತಿದ್ದೆ. ಪಕ್ಕದಲ್ಲಿ ಶೆಡ್ಡಿನ ಒಬ್ಬ ಹೆಂಗಸು, ಮೈಯೆಲ್ಲ ಕಲ್ಲಿನ ಧೂಳು. ನನ್ನ ಕಡೆ ತಿರುಗಿ, ಕೈಮುಗಿದು, ಗಂಭೀರವಾಗಿ ಕೇಳಿದಳು:

"ಮಹಾಜನಗಳೇ, ದಯವಿಟ್ಟು ಗಮನಿಸಿ. ಕನಕಪುರದ ಬಸ್ಸು ಎಷ್ಟು ಗಂಟೆಗೆ ಸರಿಯಾಗಿ ಆಗಮಿಸಲಿದೆ?"

ನಾನು ಬಾಯಿ ಬಿಟ್ಟು ನಿಂತೆ. ಇದು ಎಲ್ಲಿಯ ಕನ್ನಡ? ಮರುಗಳಿಗೆಯಲ್ಲಿ ಹೊಳೆಯಿತು. ಇದು ನನ್ನದೇ ಕನ್ನಡ, ಮೈಕಣ್ಣನ ಬಾಯಿಂದ ಹೊರಟದ್ದು! ಅವಳ ಹೆಸರು ಸುಮಿತ್ರಾ. ಕಾರ್ಖಾನೆಯಲ್ಲಿ ಅವಳೊಡನೆ ಯಾರೂ ಕನ್ನಡ ಆಡುತ್ತಿರಲಿಲ್ಲವಂತೆ. ಕಿವಿಗೆ ಬೀಳುತ್ತಿದ್ದ ಕನ್ನಡವೆಂದರೆ ಆ ಆಟೋದ್ದು ಮಾತ್ರ. ಅದನ್ನೇ ಕೇಳಿ, ಅದನ್ನೇ ಕಲಿತಿದ್ದಳು.

ಮನೆಗೆ ಬಂದವಳೇ ಮೈಕಣ್ಣನಿಗೆ ಹೇಳಿದೆ. ಅವರ ಮುಖ ಅರಳಿದ್ದನ್ನು ಏನೆಂದು ಬರೆಯಲಿ! ಮತ್ತೆ ಹೇಳಿ, ಮತ್ತೆ ಹೇಳಿ ಅಂದರು. ಒಳಗೆ ಹೋಗಿ, ಗಂಟಲು ಉಳಿಸುವುದನ್ನೂ ಮರೆತು, ಪುಟ್ಟತಾಯಮ್ಮನಿಗೆ ಕೂಗಿ ಹೇಳಿದರು: "ಕೇಳುಸ್ಕೊಂಡ್ಯಾ? ನಂಗೊಬ್ಳು ಶಿಷ್ಯೆ ಅವ್ಳೆ, ಒಡಿಶಾದೋಳು!" ಮಾರನೆಯ ದಿನವೇ ಆಟೋ ತೆಗೆದುಕೊಂಡು ಶೆಡ್ಡಿಗೆ ಹೋಗಿ ಅವಳನ್ನು ನೋಡಿಕೊಂಡು ಬಂದರು. ಆಮೇಲೆ ಆ ಕಡೆ ಹೋದಾಗಲೆಲ್ಲ ಶೆಡ್ಡಿನ ಮುಂದೆ ಆಟೋ ನಿಲ್ಲಿಸಿ ಎಲ್ಲ ಘೋಷಣೆಯನ್ನೂ ಒಸಿ ನಿಧಾನವಾಗಿ ಓದುತ್ತಿದ್ದರಂತೆ, ಶಿಷ್ಯೆಗೆ ಅರ್ಥವಾಗಲಿ ಅಂತ.

ಹೀಗಿರುವಾಗ ಕಾರ್ಖಾನೆ ಮುಚ್ಚಿತು. ಕಲ್ಲಿಗೆ ಬೇಡಿಕೆ ಬಿತ್ತು ಅಂದರು. ಗೇಟಿಗೆ ಬೀಗ ಬಿತ್ತು, ಜನರನ್ನು ಕರೆತಂದಿದ್ದ ಕಂಟ್ರಾಕ್ಟರ್ ಫೋನ್ ಎತ್ತುವುದನ್ನು ಬಿಟ್ಟ. ಸುಮಿತ್ರಾಳ ಗಂಡ ಮಾಧವ ಅಷ್ಟರಲ್ಲಾಗಲೇ ಕಲ್ಲು ಕೊಯ್ಯುವ ಯಂತ್ರಕ್ಕೆ ಬಲಗೈಯ ಎರಡು ಬೆರಳು ಕೊಟ್ಟು ಕೂತಿದ್ದ. ಊರಿಗೆ ಹೋಗೋಣವೆಂದರೆ ಅಲ್ಲಿಯೂ ಕೆಲಸವಿಲ್ಲ, ಇಲ್ಲಿ ಬರಬೇಕಾದ ಕೂಲಿ ಬಂದಿಲ್ಲ. ತುಕ್ಕು ಹಿಡಿದು ತೂತಾದ ಆ ತಗಡಿನ ಕೆಳಗೆ ಅವರೆಲ್ಲ ಕಾಯುತ್ತಾ ಉಳಿದರು.

ಆ ವರ್ಷ ಹಾರೋಹಳ್ಳಿ ಸುತ್ತ ಹೀಗೆ ಹಲವು ಕಡೆ ಬಾಗಿಲು ಮುಚ್ಚಿದ್ದವು. ಕೆಲಸ ಕಳೆದುಕೊಂಡ ಕೂಲಿ ಕುಟುಂಬಗಳಿಗೆ, ಇನ್ನೊಂದು ಕೆಲಸ ಸಿಗುವ ತನಕ ತಿಂಗಳು ತಿಂಗಳು ಅಕ್ಕಿ, ಬೇಳೆ, ಎಣ್ಣೆ, ಜೊತೆಗೆ ಸ್ವಲ್ಪ ಭತ್ಯೆ ಎಂದು ಸರ್ಕಾರದ ಆದೇಶ ಬಂತು. ಪಂಚಾಯ್ತಿ ವ್ಯಾಪ್ತಿಯಲ್ಲಿ ವಾಸವಿರುವವರಿಗೆ ಎಂದಿತ್ತು, ಯಾರು ಎಂಬುದನ್ನು ಗ್ರಾಮಸಭೆ ತೀರ್ಮಾನಿಸಬೇಕಿತ್ತು. 'ವಾಸವಿರುವವರು' ಅಂದರೆ ಯಾರು? ಎಲ್ಲ ಜಗಳ ಆ ಒಂದು ಮಾತಿನದು.

ಪಂಚಾಯ್ತಿ ಅಧ್ಯಕ್ಷರು ರೇಷ್ಮೆ ಬೆಳೆಯುವ ರೈತರು, ನಾನು ಗೌರವಿಸುವ ಮನುಷ್ಯ. ನಮ್ಮ ಶಾಲೆಗೆ ಕೊಳವೆಬಾವಿ ಹಾಕಿಸಿಕೊಟ್ಟವರು. ಅವರು ಮೈಕಣ್ಣನನ್ನು ಕರೆಸಿ, "ಸ್ಥಳೀಯ ಕುಟುಂಬಗಳು ಮಾತ್ರ ಸಭೆಗೆ ಬಂದು ಹೆಸರು ಕೊಡಬೇಕು ಅಂತ ಸಾರ್‌ಬುಡಪ್ಪ" ಅಂದರು. ಮೈಕಣ್ಣ ನನ್ನ ಹತ್ತಿರ ಬಂದರು, ನಾನು ಬರೆದುಕೊಟ್ಟೆ, ಅವರು ಹೊರಟರು.

ಅಂದು ಶಾಲೆಗೆ ರಜೆ. ಶಿಕ್ಷಕರ ಸಭೆಯೊಂದಕ್ಕೆ ನಾನು ಹೋಗಬೇಕಿತ್ತು, ಅದೇ ದಾರಿಯೆಂದು ಆಟೋದ ಹಿಂದೆ ಕೂತಿದ್ದೆ. ಹಳ್ಳಿಯ ಎರಡು ಬೀದಿ ಮುಗಿಸಿ, ಅಭ್ಯಾಸಬಲದಿಂದ ಶೆಡ್ಡಿನ ಮುಂದೆ ಆಟೋ ನಿಂತಿತು. ಧ್ವನಿ ಕೇಳಿದ್ದೇ ಒಳಗಿನಿಂದ ಜನ ನಗುತ್ತಾ ಹೊರಗೆ ಬಂದರು. ಸುಮಿತ್ರಾ ಎಲ್ಲರಿಗಿಂತ ಮುಂದೆ. ಮೈಕಣ್ಣ ಓದಿದರು. ಅವಳು ತನ್ನ ಜನಕ್ಕೆ ಒಡಿಯಾದಲ್ಲಿ ಹೇಳುತ್ತಾ ಹೋದಳು: ಅಕ್ಕಿ, ಬೇಳೆ, ಎಣ್ಣೆ. ಮುಖಗಳು ಬೆಳಗಿದವು. ಆಮೇಲೆ ಅವಳು ತಡವರಿಸಿದಳು.

"ಗುರುಗಳೇ, 'ಸ್ಥಳೀಯ' ಎಂದರೆ ಏನು? ಆ ಶಬ್ದ ಇನ್ನೂ ಆಗಮಿಸಿಲ್ಲ."

ಮೈಕಣ್ಣ ನನ್ನ ಕಡೆ ನೋಡಿದರು. ಆ ಶಬ್ದ ಬರೆದ ಕನ್ನಡ ಟೀಚರು ನಾನು, ಕಣ್ಣು ತಪ್ಪಿಸಿ ಬ್ಯಾಗು ಸರಿಮಾಡಿಕೊಂಡೆ. ಅವರೇ ತೊದಲಿದರು: "ಅಂದ್ರೆ... ಈ ಊರೋರು ಕಣವ್ವ. ಇಲ್ಲೇ ಇರೋರು."

"ಹಾಗಾದರೆ ನಾವು!" ಅಂದಳು ಅವಳು, ಬಲು ಸಂತೋಷದಿಂದ. "ನಾವು ಇಲ್ಲೇ ಇದ್ದೇವೆ!"

ಮೈಕಣ್ಣ ಸ್ವಿಚ್ ಆರಿಸಿದರು. ಆ ಆಟೋ ಮಾತಿಲ್ಲದೆ ಓಡಿದ್ದನ್ನು ನಾನು ನೋಡಿದ್ದು ಅದೇ ಮೊದಲು. ಪಂಚಾಯ್ತಿ ಆಫೀಸಿನ ಮುಂದೆ ಇಳಿದವರೇ ಒಳಗೆ ಹೋಗಿ ಅಧ್ಯಕ್ಷರಿಗೆ ಹೇಳಿದರು: "ಗೌಡ್ರೇ, ಈ ಕೆಲ್ಸ ನಂಗೆ ಆಗಾಕಿಲ್ಲ. ಇನ್ಯಾರ್‌ನಾರ ನೋಡ್ಕಳಿ."

"ಯಾಕ್ಲಾ? ಗಂಟ್ಲು ಕೆಟ್ಟೋಯ್ತಾ?"

"ಗಂಟ್ಲು ಚೆನ್ನಾಗೈತೆ. ಮಾತು ಕೆಟ್ಟದೆ."

ಹೊರಗೆ ಬಂದು ಆಟೋ ಹತ್ತಿದರು. ಒಂದು ನಿಮಿಷ ಮೈಕನ್ನು ಕೈಯಲ್ಲಿ ಹಿಡಿದು ಅದನ್ನೇ ನೋಡುತ್ತಾ ಕೂತರು. ಏನೋ ಆಗಲಿದೆ ಅಂತ ನನಗೆ ಗೊತ್ತಾಗಿತ್ತು. "ಬರ್ಕೊಡ್ಲಾ?" ಅಂದೆ. "ಬ್ಯಾಡಿ. ಇದು ನಂದೇ" ಅಂದು ಸ್ವಿಚ್ ಒತ್ತಿದರು. ರೇಡಿಯೋ ವಾರ್ತೆ ಬರಲಿಲ್ಲ, ನಮ್ಮ ಕಡೆಯ ಮಾತೇ ಕಹಳೆಯಿಂದ ಹೊರಟಿತು:

"ಎಲ್ಲಾರೂ ಕೇಳ್ರಪ್ಪೋ! ಇದು ಪಂಚಾಯ್ತಿ ಮಾತಲ್ಲ, ಪಾರ್ಟಿ ಮಾತಲ್ಲ, ಅಂಗ್ಡಿ ಮಾತಲ್ಲ. ಇದು ನನ್ ಸ್ವಂತ ಮಾತು! ಕೆಲ್ಸ ಹೋದೋರ್‌ಗೆ ಅಂತ ಅಕ್ಕಿ ಬಂದೈತೆ. ಶೆಡ್ಡಿನೋರ್‌ಗೂ ಕೆಲ್ಸ ಹೋಗೈತೆ, ನಮ್ಮೋರ್‌ಗೂ ಹೋಗೈತೆ. ಸಭೆಗೆ ಇಬ್ರೂ ಬರ್ಬೇಕು. ಬ್ಯಾಡ ಅನ್ನೋರು ಅಲ್ಲಿ ಬಂದು ಎದ್ರುಗೇ ಬ್ಯಾಡ ಅನ್ಲಿ!"

ಅಬ್ಬಾ, ಆ ಮಧ್ಯಾಹ್ನ! ಬಾಗಿಲುಗಳು ತೆರೆದವು, ಜನ ಜಗಲಿಗೆ ಬಂದರು, ಟೀ ಅಂಗಡಿಯಲ್ಲಿ ಗ್ಲಾಸು ಹಿಡಿದವರು ಹಾಗೇ ನಿಂತರು. ನಾನಂತೂ ಶಿಕ್ಷಕರ ಸಭೆಯನ್ನು ಮರೆತೇ ಬಿಟ್ಟೆ. ಇಡೀ ಹಳ್ಳಿ, ಅದರಾಚೆಯ ಎರಡು ಕೊಪ್ಪಲು, ಮತ್ತೆ ಶೆಡ್ಡು ಸುತ್ತಿ ಬಂದೆವು.

ಫಲ ತಕ್ಷಣ ಸಿಕ್ಕಿತು. ಸಹಕಾರ ಸೊಸೈಟಿ ಚುನಾವಣೆಯ ಪ್ರಚಾರಕ್ಕೆ ಅವರನ್ನು ಗೊತ್ತುಮಾಡಿದ್ದ ಅಭ್ಯರ್ಥಿಗಳು ಇಬ್ಬರೂ ಬೇಡವೆಂದರು. ಸೀರೆ ಅಂಗಡಿಯವರು ಹಬ್ಬದ ಮಾರಾಟಕ್ಕೆ ಬೇರೆ ಆಟೋ ಹಿಡಿದರು. ಟೀ ಅಂಗಡಿಯಲ್ಲಿ ಒಬ್ಬ ಅವರ ಮುಖಕ್ಕೇ ಅಂದ: "ಅವ್ರು ನಿಂಗೇನಾದ್ರೂ ಕೊಟ್ಟವ್ರೇನ್ಲಾ? ನಮ್ ಹಟ್ಟಿ ಮಕ್ಳು ಖಾಲಿ ಕೂತವ್ರೆ, ನಿಂಗೆ ಎಲ್ಲಿಂದಲೋ ಬಂದೋರು ಹೆಚ್ಚಾಗೋದ್ರಾ?"

ಪುಟ್ಟತಾಯಮ್ಮ ನನ್ನ ಮುಂದೆಯೇ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ಇಷ್ಟು ವರ್ಷ ಯಾರ್ ಯಾರ್‌ದೋ ಮಾತು ಒದರ್ದೆ, ಅನ್ನ ಹುಟ್ತು. ನಿನ್ ಮಾತು ಒಂದ್ಸತಿ ಒದರ್ದೆ, ಮನೆ ಮುಂದೆ ಆಟೋ ನಿಂತ್ಬುಡ್ತು." ಅವಳು ಒಳಗೆ ಹೋಗಿ ಮೆಣಸಿನ ನೀರು ತಂದು ಕುಕ್ಕಿದಳು. "ಕುಡಿ. ಸಭೆ ದಿವ್ಸ ಗಂಟ್ಲು ಕೈಕೊಟ್ರೆ ಊರೋರ್ ಮುಂದೆ ಮಾನ ಹೋಯ್ತದೆ."

ಗ್ರಾಮಸಭೆಯ ದಿನ ಪಂಚಾಯ್ತಿ ಆಫೀಸಿನ ಮುಂದೆ ಶಾಮಿಯಾನ ಸಾಲಲಿಲ್ಲ. ಜನ ಬಿಸಿಲಲ್ಲಿ, ಗೋಡೆಯ ಮೇಲೆ, ಹುಣಸೇಮರದ ಬುಡದಲ್ಲಿ. ಶೆಡ್ಡಿನವರು ತೊಳೆದ ಬಟ್ಟೆ ಹಾಕಿಕೊಂಡು ಹಿಂದೆ ಒಂದು ಮೂಲೆಯಲ್ಲಿ ನಿಂತಿದ್ದರು. ಮೈಕಣ್ಣನ ಮೈಕೇ ಸಭೆಯ ಮೈಕು. ಇದ್ದ ಇನ್ನೊಂದು ಆಟೋವನ್ನು ಸೀರೆ ಅಂಗಡಿಯವರು ಹಿಡಿದಿದ್ದರು!

ಅಧ್ಯಕ್ಷರು ಮೊದಲು ಎದ್ದರು. ಅವರು ಕೂಗಾಡಲಿಲ್ಲ, ಅದಕ್ಕೇ ಅವರ ಮಾತು ತೂಗಿತು. "ನಾನೇನು ಕಲ್ಲೆದೆಯೋನಲ್ಲ. ಆದ್ರೆ ಕೇಳಿ. ಅವ್ರಿಗೂ ಒಂದು ರಾಜ್ಯ ಐತೆ, ಅಲ್ಲೊಂದು ಸರ್ಕಾರ ಐತೆ. ನಮ್ಮೂರ ಬಡವ್ರಿಗೆ ಈ ಪಂಚಾಯ್ತಿ ಬುಟ್ರೆ ಇನ್ಯಾರವ್ರೆ? ಇನ್ನೊಂದು. ಕಂಟ್ರಾಕ್ಟರ್ ಜನ ಕರ್ಕಂಬಂದ, ದುಡಿಸ್ಕಂಡ, ಓಡೋದ. ಅವ್ನ ಹೊರೆ ನಾವು ಹೊತ್ಬುಟ್ರೆ, ನಾಳೆ ಎಲ್ಲಾ ಕಂಟ್ರಾಕ್ಟರೂ ಹಂಗೇ ಮಾಡ್ತಾರೆ. ಅದು ನ್ಯಾಯನಾ?"

ಚಪ್ಪಾಳೆ ಬಿತ್ತು. ನನಗೂ ಆ ಎರಡನೆಯ ಮಾತು ಹೌದಲ್ಲ ಅನ್ನಿಸಿತು.

ಅಷ್ಟರಲ್ಲಿ ಕೆಂಪಮ್ಮ ಎದ್ದಳು. ಅದೇ ಕಾರ್ಖಾನೆಯಲ್ಲಿ ಕಸ ಗುಡಿಸುತ್ತಿದ್ದ ಹಳ್ಳಿಯ ವಿಧವೆ. "ಅವ್ರಿಗೆ ಕೊಡೋದು ಆಮೇಲಿರ್ಲಿ. ನನ್ ರೇಷನ್ ಕಾರ್ಡ್ ಯಾಕೆ ಕಿತ್ಕಂಡ್ರಿ? ಕಂಪ್ಯೂಟರ್‌ನಾಗೆ ನನ್ ಹೆಸ್ರಲ್ಲಿ ಕಾರ್ ಐತಂತೆ! ಮನೇಲಿ ಒಂದು ಕುರಿ ಇಲ್ಲ, ಕಾರಂತೆ! ನಂಗೇ ಇಲ್ಲ, ಒಡಿಶಾದೋಳ್ಗೆ ಯಾಕೆ?"

ಜನ ನಕ್ಕರು, ಆಮೇಲೆ ರೇಗಿದರು. "ಹೌದು, ಮೊದ್ಲು ನಮ್ಮೋರು!" ಎಂದು ನಾಲ್ಕು ಕಡೆಯಿಂದ ಕೂಗು. ಮೈಕಣ್ಣ ಎದ್ದು ನಿಂತರು.

"ಗೌಡ್ರೇ, ಕಂಟ್ರಾಕ್ಟರ್‌ನ ಹಿಡೀರಿ, ಹಿಡ್ದು ಎಳ್ಕಂಬರಾಕೆ ನಾನೂ ಬತ್ತೀನಿ, ನನ್ ಆಟೋನೂ ಬತ್ತದೆ. ಆದ್ರೆ ಅವ್ನು ಸಿಗೋಗಂಟ ಹೊಟ್ಟೆಗೆ ಕಾಯಿ ಅಂತ ಹೇಳಾಕಾಯ್ತದಾ? ಇವ್ರು ನಮ್ಮ ಅಂಗ್ಡೀಲಿ ಸೋಪು ತಗಂಡವ್ರೆ, ಎಣ್ಣೆ ತಗಂಡವ್ರೆ. ಅದ್ರ ಟ್ಯಾಕ್ಸು ತಗಳೋವಾಗ ನಿಂದ್ಯಾವೂರು ಅಂತ ಯಾರಾದ್ರೂ ಕೇಳುದ್ರಾ? ನೀವು ನಿಂತಿರೋ ಈ ಆಫೀಸ್ ಜಗಲಿ ಗ್ರಾನೈಟ್ ನೆಲ ಮುಖ ಕಾಣಂಗೆ ಹೊಳೀತದಲ್ಲ, ಅದ್ನ ಉಜ್ಜಿದ್ದು ಯಾರು? ಆಗ ಬೇಕಾಗಿದ್ರು, ಈಗ ಬ್ಯಾಡ್ವಾ? ಕೆಂಪಕ್ಕ ಹೇಳಿದ್ದೂ ದಿಟ. ಅವ್ಳ ಅಕ್ಕಿ ಕಿತ್ಕಂಡಿದ್ದು ಕಂಪ್ಯೂಟ್ರು, ಸುಮಿತ್ರಾ ಅಲ್ಲ."

"ನೀನ್ಯಾಕ್ಲಾ ಅವ್ರ ಪರ್ವಾಗಿ ಮಾತಾಡ್ತೀಯಾ? ಅವ್ರಿಗೆ ಬಾಯಿಲ್ವಾ?" ಎಂದು ಯಾರೋ ಕೂಗಿದರು.

"ಐತೆ!" ಅಂದವರೇ ಮೈಕಣ್ಣ ಮೈಕು ಕಿತ್ತುಕೊಂಡು ಜನರ ನಡುವೆ ದಾರಿ ಬಿಡಿಸಿಕೊಂಡು ಮೂಲೆಗೆ ಹೋದರು, ವೈರು ಎಳೆದಷ್ಟು ದೂರ. ಸುಮಿತ್ರಾ ಹಿಂದೆ ಸರಿದಳು. ಅವರು ಮೈಕನ್ನು ಅವಳ ಕೈಗೆ ತುರುಕಿದರು. ಅವಳು ಸುತ್ತ ನೋಡಿದಳು, ಸೆರಗು ಸರಿಮಾಡಿಕೊಂಡಳು, ಗಂಟಲು ಸರಿಮಾಡಿಕೊಂಡಳು. ಥೇಟ್ ಮೈಕಣ್ಣನ ಹಾಗೆಯೇ!

"ಸಮಸ್ತ ಮಹಾಜನಗಳೇ, ದಯವಿಟ್ಟು ಗಮನಿಸಿ."

ಸಭೆಯೆಲ್ಲ ಗೊಳ್ಳೆಂದಿತು. ಹುಣಸೇಮರದ ಕೆಳಗಿದ್ದ ಮುದುಕರೂ ಬೊಚ್ಚುಬಾಯಿ ಬಿಟ್ಟು ನಕ್ಕರು. ಅವಳು ಕಾದು, ಮುಂದುವರಿಸಿದಳು.

"ಕಳೆದುಹೋಗಿದೆ. ಕೆಲಸ ಕಳೆದುಹೋಗಿದೆ. ಬಣ್ಣ, ಕಲ್ಲಿನ ಬಣ್ಣ. ಗುರುತು, ನನ್ನ ಗಂಡನ ಎರಡು ಬೆರಳು. ಅವು ಆ ಕೆಲಸದ ಬಳಿ ಇವೆ."

ನಗು ನಿಂತಿತು. ಯಾರೂ ಹೇಳದೆ ಅಲ್ಲಿದ್ದವರೆಲ್ಲರ ಕಣ್ಣು ಮಾಧವನ ಕೈಗೆ ಹೋಯಿತು. ಅವನು ಅದನ್ನು ಬೆನ್ನ ಹಿಂದೆ ಎಳೆದುಕೊಂಡ.

"ಕೆಲಸವನ್ನು ಕಂಡವರು ಕೂಡಲೇ ತಿಳಿಸತಕ್ಕದ್ದು. ನಾವು ಮಾಡುತ್ತೇವೆ. ಸಿಗುವ ತನಕ ಅಕ್ಕಿಯ ಅಗತ್ಯ ಇದೆ. ಕೆಂಪಮ್ಮನವರಿಗೂ ಅಗತ್ಯ ಇದೆ. ಅವರು ಮತ್ತು ನಾವು ಒಂದೇ ಕಾರ್ಖಾನೆಯಲ್ಲಿ ಧೂಳು ಗುಡಿಸಿದ್ದೇವೆ. ಸಾರ್ವಜನಿಕರು ಸಹಕರಿಸಬೇಕಾಗಿ ವಿನಂತಿ."

ನನ್ನ ಮೈಯೆಲ್ಲ ಜುಮ್ಮೆಂದಿತು. ಎಮ್ಮೆ ಕಳೆದದ್ದಕ್ಕೆ, ಕರೆಂಟು ಹೋದದ್ದಕ್ಕೆ ನಾನು ಬರೆದ ಸವಕಲು ಮಾತುಗಳು! ಅವಕ್ಕೆ ಇಷ್ಟು ಶಕ್ತಿ ಇದೆಯೆಂದು ಅವಳ ಬಾಯಲ್ಲಿ ಕೇಳುವ ತನಕ ನನಗೆ ಗೊತ್ತಿರಲಿಲ್ಲ. ಮೈಕಣ್ಣ ಪಕ್ಕದಲ್ಲಿ ನಿಂತು ಪ್ರತಿ ಶಬ್ದಕ್ಕೂ ಸದ್ದಿಲ್ಲದೆ ತುಟಿ ಆಡಿಸುತ್ತಿದ್ದರು.

ಕೆಂಪಮ್ಮ ನಿಂತೇ ಇದ್ದಳು. ಸೊಂಟಕ್ಕೆ ಕೈ ಕೊಟ್ಟು ಸುಮಿತ್ರಾಳನ್ನು ಮೇಲಿಂದ ಕೆಳಗೆ ನೋಡಿದಳು. ಆಮೇಲೆ ಅಧ್ಯಕ್ಷರ ಕಡೆ ತಿರುಗಿದಳು. "ಗೌಡ್ರೇ, ಇವ್ಳು ಹೇಳಿದ್ದು ಸುಳ್ಳಲ್ಲ, ನನ್ ಜೊತೇಲೇ ಧೂಳು ಕುಡ್ದವ್ಳೆ. ಇವ್ಳ ಹೆಸ್ರು ಬರ್ಕಳಿ, ನನ್ ಹೆಸ್ರೂ ಬರ್ಕಳಿ. ಬರ್ಕೊಳಾಕಿಲ್ಲ ಅಂದ್ರೆ ನಾವಿಬ್ರೂ ಇಲ್ಲೇ ಕೂತ್ಕತೀವಿ, ಈ ಹೊಳಿಯೋ ನೆಲದ ಮ್ಯಾಲೇ!" ಅಂದು ಹೋಗಿ ಸುಮಿತ್ರಾಳ ಕೈ ಹಿಡಿದುಕೊಂಡಳು.

ಅಧ್ಯಕ್ಷರು ಒಪ್ಪುವವರು ಕೈ ಎತ್ತಲು ಹೇಳಿದರು. ಮೊದಲು ಹೆಂಗಸರ ಕೈಗಳು ಎದ್ದವು. ಆಮೇಲೆ ಮರದ ಕೆಳಗಿನ ಮುದುಕರದು. ಆಮೇಲೆ ಅಲ್ಲೊಂದು ಇಲ್ಲೊಂದು. ಎಲ್ಲರೂ ಎತ್ತಲಿಲ್ಲ. ಟೀ ಅಂಗಡಿಯ ಆ ಮನುಷ್ಯ ಎದ್ದು ಹೊರಟೇ ಹೋದ. ಆದರೆ ಎತ್ತಿದವರು ಹೆಚ್ಚಿದ್ದರು, ಅದನ್ನು ಕಣ್ಣಿದ್ದ ಯಾರಾದರೂ ಹೇಳಬಹುದಿತ್ತು. ಅಧ್ಯಕ್ಷರು ತಮ್ಮ ಕೈ ಎತ್ತಲಿಲ್ಲ. ಸುತ್ತ ಒಮ್ಮೆ ನೋಡಿ, "ಸಭೆ ಒಪ್ಕಂಡೈತೆ" ಅಂದರು. ಶೆಡ್ಡಿನವರ ಮೂಲೆಯಿಂದ ಎದ್ದ ಕೂಗಿಗೆ ಹುಣಸೇಮರದ ಕಾಗೆಗಳೆಲ್ಲ ಹಾರಿದವು.

ಅಲ್ಲಿಗೆ ಮುಗಿಯಲಿಲ್ಲ. ತಾಲೂಕು ಕಚೇರಿಯವರು, ಊರು ಬೇರೆ, ವಿಳಾಸವಿಲ್ಲ ಎಂದು ನಿರ್ಣಯವನ್ನು ವಾಪಸ್ ಕಳಿಸಿದರು. ಆಗ ನಾನು ನೋಡಿದ ಅಧ್ಯಕ್ಷರೇ ಬೇರೆ. ಮತ್ತೆ ಮತ್ತೆ ಹೋಗಿ ಮೇಜಿನ ಮುಂದೆ ನಿಂತರು. ಒಮ್ಮೆ ಮೈಕಣ್ಣನ ಆಟೋದಲ್ಲೇ ಹೋಗಿದ್ದರು, ಜೊತೆಗೆ ನಾನೂ ಇದ್ದೆ. ಅಧಿಕಾರಿ ಕೇಳಿದರು: "ಸಭೆಯಲ್ಲಿ ನೀವೇ ವಿರೋಧ ಮಾಡಿದಿರಂತಲ್ಲ ಗೌಡರೇ?"

"ಮಾಡ್ದೆ ಸ್ವಾಮಿ. ಸೋತೆ. ಈಗ ಸಭೆ ಮಾತೇ ನನ್ ಮಾತು. ವಾಸ ಇರೋರು ಅಂತ ನೀವೇ ಬರ್ದಿದ್ದೀರಿ. ಬಂದು ನೋಡಿ, ಅವ್ರು ವಾಸ ಇಲ್ಲ ಅಂದ್ರೆ ನಾನು ರಾಜೀನಾಮೆ ಕೊಡ್ತೀನಿ."

ಕಾಯುವಷ್ಟರಲ್ಲಿ ಶೆಡ್ಡಿನ ಕೆಲವು ಕುಟುಂಬಗಳು ಗಂಟು ಕಟ್ಟಿಕೊಂಡು ಬೇರೆಲ್ಲಿಗೋ ಹೊರಟುಹೋದವು. ಭತ್ಯೆ ಕೊನೆಗೂ ಸಿಗಲಿಲ್ಲ, ಅದಿನ್ನೂ ಕಚೇರಿಯಿಂದ ಕಚೇರಿಗೆ ಓಡಾಡುತ್ತಲೇ ಇದೆ. ಆದರೆ ಅಕ್ಕಿ, ಬೇಳೆ, ಎಣ್ಣೆ ಮಂಜೂರಾಯಿತು, ಶೆಡ್ಡಿನವರಿಗೂ, ಕಾರಿನ ಒಡತಿ ಕೆಂಪಮ್ಮನಿಗೂ!

ಲಾರಿ ಬಂದ ದಿನ ಮಕ್ಕಳಿಗೆ ಪಾಠ ಹೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ. ಊಟದ ಬಿಡುವಿನಲ್ಲಿ ಓಡಿದೆ. ಪಂಚಾಯ್ತಿ ಮುಂದೆ ಸಾಲು. ಕೆಂಪಮ್ಮ ತನ್ನ ಚೀಲ ತಲೆಯ ಮೇಲಿಟ್ಟುಕೊಂಡು, ಯಾರಾದರೂ ಈಗ ಕಾರಿನ ಮಾತೆತ್ತಲಿ ನೋಡೋಣ ಎಂಬಂತೆ ನಡೆದುಹೋದಳು. ಆಮೇಲೆ ಮಾಧವನ ಹೆಸರು. ಅವನು ಮುಂದೆ ಬಂದು ಮೂಟೆಗೆ ಕೈ ಹಾಕಿದ. ಹಿಡಿತ ಸಿಗಲಿಲ್ಲ. ಮತ್ತೆ ಹಾಕಿದ, ಜಾರಿತು. ಸುಮಿತ್ರಾ ಎಣ್ಣೆ, ಬೇಳೆ ಹಿಡಿದು ನಿಂತಿದ್ದಳು, ಅವಳ ಕೈಯೂ ಖಾಲಿ ಇರಲಿಲ್ಲ. ಮಾಧವ ಅವಮಾನದಿಂದ ನೆಲ ನೋಡಿದ.

ಅಧ್ಯಕ್ಷರು ಕುರ್ಚಿಯಿಂದ ಎದ್ದರು. ಹೆಗಲ ಟವೆಲ್ಲನ್ನು ಸಿಂಬಿ ಸುತ್ತಿ ಭುಜಕ್ಕಿಟ್ಟುಕೊಂಡರು. "ಇತ್ಲಾಗಿ ಎತ್ಕೊಡ್ರಲಾ" ಅಂದರು. ಇಬ್ಬರು ಎತ್ತಿಕೊಟ್ಟರು. ಮೂಟೆ ಹೊತ್ತು, ಒಂದು ಮಾತೂ ಆಡದೆ, ಶೆಡ್ಡಿನ ದಾರಿ ಹಿಡಿದು ನಡೆದೇಬಿಟ್ಟರು!

ಮೊದಲು ಎಚ್ಚರವಾದದ್ದು ಮೈಕಣ್ಣನಿಗೆ. ಆಟೋಗೆ ಹಾರಿದರು, ಸ್ಟಾರ್ಟ್ ಮಾಡಿದರು, ಸ್ವಿಚ್ ಒತ್ತಿದರು.

"ಸಮಸ್ತ ಮಹಾಜನಗಳೇ! ದಯವಿಟ್ಟು ಗಮನಿಸಿ! ಮಾನ್ಯ ಅಧ್ಯಕ್ಷರು ಮೂಟೆಯನ್ನು ಹೊತ್ತಿರುತ್ತಾರೆ! ಮಾನ್ಯ ಅಧ್ಯಕ್ಷರು ಪಂಚಾಯ್ತಿ ಕಚೇರಿಯಿಂದ ಹೊರಟಿರುತ್ತಾರೆ!"

ಅಧ್ಯಕ್ಷರು ತಿರುಗದೆಯೇ ಕೂಗಿದರು: "ಲೇ, ಮೈಕ್ ಆರಿಸ್ಲಾ!"

"ಮಾನ್ಯ ಅಧ್ಯಕ್ಷರು ಮೈಕನ್ನು ಆರಿಸಲು ಸೂಚಿಸಿರುತ್ತಾರೆ! ಸದರಿ ಸೂಚನೆಯನ್ನು ಪರಿಶೀಲಿಸಲಾಗುವುದು!"

ಜನ ಹಿಂದೆ ಬಿದ್ದರು. ಹೆಂಗಸರು, ಮುದುಕರು, ಶೆಡ್ಡಿನವರು, ಊರವರು, ನಾನು. ಹಿಪ್ಪುನೇರಳೆ ತೋಟದ ಬದುವಿನ ಮೇಲೆ ಅಧ್ಯಕ್ಷರು, ಪಕ್ಕದ ಗಾಡಿಜಾಡಿನಲ್ಲಿ ಅವರ ನಡಿಗೆಗೆ ಸರಿಯಾಗಿ ಆಟೋ. "ಅಧ್ಯಕ್ಷರು ಕಾಲುವೆಯನ್ನು ದಾಟುತ್ತಿದ್ದಾರೆ! ದಾಟಿದರು! ಭುಜ ಬದಲಾಯಿಸುತ್ತಿದ್ದಾರೆ! ಬೆವರು ಬಂದಿದೆ, ಆದರೂ ನಿಂತಿಲ್ಲ!" ತೋಟದಲ್ಲಿ ಸೊಪ್ಪು ಕೊಯ್ಯುತ್ತಿದ್ದವರು ಕುಡುಗೋಲು ಹಿಡಿದೇ ನಿಂತು ಶಿಳ್ಳೆ ಹೊಡೆದರು. ಅಧ್ಯಕ್ಷರ ಮುಖ ಕೋಪದಲ್ಲಿತ್ತೋ ನಗುತ್ತಿತ್ತೋ, ಮೂಟೆ ಅಡ್ಡ ಇತ್ತು, ಕಾಣಲಿಲ್ಲ.

ಶೆಡ್ಡಿನ ಮುಂದೆ ಬಾಗಿ ಮೂಟೆಯನ್ನು ಹೊಸ್ತಿಲಿಗೆ ಇಳಿಸಿದರು. ಬೆನ್ನು ನೆಟ್ಟಗೆ ಮಾಡಿ ಉಸಿರು ಬಿಟ್ಟರು. ಸುಮಿತ್ರಾ ಒಳಗೆ ಓಡಿ ಒಂದು ಚೊಂಬು ನೀರು ತಂದಳು. ಕೊಡುವುದೋ ಬೇಡವೋ ತಿಳಿಯದೆ ಚೊಂಬು ಹಿಡಿದೇ ನಿಂತಳು. ಬಂದಿದ್ದ ಅಷ್ಟೂ ಜನ ಮುಂದೆ ಸರಿದು ಕತ್ತು ಚಾಚಿದರು. ಆ ಹೊಸ್ತಿಲಲ್ಲಿ ಊರಿನ ಯಾರೂ ಅದುವರೆಗೆ ನೀರು ಮುಟ್ಟಿದವರಲ್ಲ. ಮೈಕಣ್ಣ ಮೈಕನ್ನು ಬಾಯಿಗೆ ಹಿಡಿದೇ ಇದ್ದರು, ಕಹಳೆಯಿಂದ ಬರಿಯ ಗುಂಯ್ ಎನ್ನುವ ಸದ್ದು.

ಅಧ್ಯಕ್ಷರು ಚೊಂಬು ತೆಗೆದುಕೊಂಡರು. ತಲೆ ಎತ್ತಿ, ಗಟಗಟನೆ, ಬಿಡದೆ, ಕೊನೆಯ ಹನಿಯ ತನಕ.

ಕಹಳೆ ಎರಡೂ ಒಡೆದುಹೋಗುವ ಹಾಗೆ ಮೈಕಣ್ಣ ಕೂಗಿದರು: "ಮಹಾಜನಗಳೇ, ಅಧ್ಯಕ್ಷರು ನೀರು ಕುಡಿದರು!"